ಹಟ್ಟಿ ಕಂಬದ ಗೀರು

ನನ್ನ ಮೊಮ್ಮಗಳು ಚೈತ್ರ ಇಂಜಿನಿಯರ್ ಆದಳು! ಅದೂ ಯಾವ ಇಲಾಖೆಯಲ್ಲಿ? ನಾನು ಮೂವತ್ತು ಚಿಲ್ಲರೆ ವರ್ಷ ಅಳತೆ ಕೋಲು ಹಿಡಿದು ನಿಂತ, ರಸ್ತೆ ಸೇತುವೆ ಕಟ್ಟುವ ಆ ಸರ್ಕಾರಿ ಇಲಾಖೆಯಲ್ಲೇ. ಆದೇಶದ ಕಾಗದ ಬಂದ ದಿನ ನಾನು ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಕೋಟದ ಬಸ್ ಸ್ಟ್ಯಾಂಡಿಗೆ ಹೋದೆ. ಹೋಗುವ ಕೆಲಸ ಏನೂ ಇರಲಿಲ್ಲ. ಸಿಕ್ಕಿದವರಿಗೆಲ್ಲ ತೋರಿಸಿದೆ. ಮೀನು ಮಾರುವ ಅಕ್ಕಮ್ಮ ಕೊನೆಗೆ ಹೇಳಿಯೇ ಬಿಟ್ಟಳು: "ಶೀನಣ್ಣ, ನೀವ್ ಇದ್ ಮೂರ್ನೇ ಸಲ ಹೇಳುದ್. ಹೆಣ್ಣ್ ಇಂಜಿನಿಯರ್ ಆಯ್ತ್, ಖುಷಿಯೇ. ಈಗ ಬಂಗ್ಡಿ ಬೇಕಾ, ಬ್ಯಾಡ್ದಾ?" ಬಂಗಡೆ ತೆಗೆದುಕೊಂಡೆ. ಎರಡು ಪಾಲು ತೆಗೆದುಕೊಂಡೆ.

ಕೆಲಸಕ್ಕೆ ಹೊರಡುವ ಮುಂಚೆ ಚೈತ್ರ ಒಂದು ನೋಟ್ ಬುಕ್ ತಂದು ನನ್ನ ಮುಂದೆ ಇಟ್ಟಳು. "ಅಜ್ಜಯ್ಯ, ಪುಸ್ತಕದಗೆ ಇಲ್ದೇ ಇಪ್ಪುದ್ ಎಂತ ಇತ್ತೋ ಅದನ್ನ್ ಬರ್ದ್ ಕೊಡಿ. ನನ್ನ್ ಸಂಗ್ತಿ ಸೇರ್ದ ಮಕ್ಳಿಗೂ ಓದುಕೆ ಕೊಡ್ತೆ" ಎಂದಳು. ನಾನು ಓದಿದ್ದು ಐದನೇ ಕ್ಲಾಸು. ಬರೆದ ಕೈ ಅಲ್ಲ, ಕೋಲು ಹಿಡಿದ ಕೈ. ಆದರೆ ಮೊಮ್ಮಗಳು ಕೇಳಿದ ಮೇಲೆ ಇಲ್ಲ ಎನ್ನಲು ಬಾಯಿ ಬರುತ್ತದೆಯೇ? ನನಗೆ ಬಡ್ತಿ ಸಿಕ್ಕಿದ್ದು ಒಂದೇ ಸಲ, ಅದರ ಕಥೆ ಅರ್ಧ ಸಾಲಿಗೂ ಸಾಲದು. ಉಳಿದದ್ದು ಹೇಳುತ್ತೇನೆ.

ಮೊದಲು ನನ್ನ ಕೆಲಸ ಏನೆಂದು ತಿಳಿಯಬೇಕು. ಒಂದು ಸೇತುವೆಯೋ ಕಾಲುವೆಯೋ ಆಗಬೇಕಾದರೆ ನೆಲದ ಏರು ತಗ್ಗು ಅಳೆಯಬೇಕು. ಇಂಜಿನಿಯರ್ ಸಾಹೇಬರು ಮೂರು ಕಾಲಿನ ಯಂತ್ರದೊಳಗೆ ಒಂದು ಕಣ್ಣಿಟ್ಟು ನೋಡುತ್ತಾರೆ. ದೂರದಲ್ಲಿ ಒಬ್ಬ ಗೀಟು ಹಾಕಿದ ಉದ್ದದ ಕೋಲನ್ನು ನೆಟ್ಟಗೆ ಹಿಡಿದು ನಿಲ್ಲುತ್ತಾನೆ. ಆ ಒಬ್ಬ ನಾನು. ಹೊರಗಿನವರಿಗೆ ಇದೊಂದು ಕೆಲಸವೇ ಅಲ್ಲ. ನನ್ನ ಭಾವನೇ ಕೇಳಿದ್ದ, "ಕೋಲ್ ಹಿಡ್ಕಂಡ್ ನಿಂತ್ರೆ ಸಂಬ್ಳ ಕೊಡ್ತ್ರಾ ಮಾರಾಯ? ನಂಗೊಂದ್ ಕೋಲ್ ಕೊಡ್ಸ್ ಕಾಂಬ" ಎಂದು.

ಸೇರಿದ ಮೊದಲ ವರ್ಷ ನಾನೂ ಹಾಗೆಯೇ ತಿಳಿದಿದ್ದೆ. ಬ್ರಹ್ಮಾವರದ ಕಡೆ ಒಂದು ಕಾಲುವೆಯ ಅಳತೆ ನಡೆಯುತ್ತಿತ್ತು. ಗದ್ದೆಯಲ್ಲಿ ಕೋಲು ಊರಿ ನಿಂತೆ. ಸಾಹೇಬರು ಒಮ್ಮೆ ನೋಡಿ ಬರೆದುಕೊಂಡರು, ಯಂತ್ರವನ್ನು ಮುಂದಕ್ಕೆ ಹೊತ್ತು ಇಟ್ಟು ಅದೇ ಕೋಲನ್ನು ಮತ್ತೊಮ್ಮೆ ನೋಡಿದರು. ಅಷ್ಟರ ಮಧ್ಯೆ ನಾನು ಕೋಲಿಗೆ ಒರಗಿ ಬೀಡಿ ಹಚ್ಚಿದ್ದೆ. ನನ್ನ ಭಾರಕ್ಕೆ ಕೋಲು ಕೆಸರಿನಲ್ಲಿ ಸದ್ದಿಲ್ಲದೆ ಇಳಿದಿತ್ತು. ಅಳತೆಯೆಲ್ಲ ಮುಗಿದು ಕಾಗದದ ಮೇಲೆ ಗೀಟು ಎಳೆದರೆ ಕಾಲುವೆಯ ನೀರು ಆ ಗದ್ದೆಯಿಂದ ಮುಂದೆ ಗುಡ್ಡ ಹತ್ತುತ್ತಿತ್ತು! ನಮ್ಮ ಹಳೆಯ ಓವರ್‌ಸಿಯರ್ ಬಯ್ಯಲಿಲ್ಲ. ಮರುದಿನ ಒಂದು ಚಪ್ಪಟೆ ಕಲ್ಲು ತಂದು ನನ್ನ ಕೈಗೆ ಕೊಟ್ಟು, "ಇನ್ ಮೇಲ್ ಇದ್ರ್ ಮೇಲ್ ಕೋಲ್ ಇಡ್. ಬೀಡಿ ಬೇಕಾರೆ ಕೆಳಗ್ ಕೂಕಂಡ್ ಎಳಿ" ಎಂದರು. ನಾಲ್ಕು ದಿನದ ಕೆಲಸ ಮತ್ತೆ ಮೊದಲಿನಿಂದ ಆಯಿತು. ಬೀಡಿ ಅವತ್ತೇ ಬಿಟ್ಟೆ ಎಂದು ಬರೆದರೆ ನನ್ನ ಹೆಂಡತಿ ಲಚ್ಚಿ ನಗುತ್ತಾಳೆ, ಅದಕ್ಕೆ ಬರೆಯುವುದಿಲ್ಲ.

ಆಮೇಲೆ ಎಷ್ಟು ಬದಲಾಯಿತು! ನಾನು ಸೇರುವಾಗ ಕಬ್ಬಿಣದ ಸರಪಳಿ ಎಳೆದು ದೂರ ಅಳೆಯುತ್ತಿದ್ದೆವು, ಬಿಸಿಲಿಗೆ ಕಾದ ಸರಪಳಿ ಅಂಗೈ ಸುಡುತ್ತಿತ್ತು. ನಂತರ ಟೇಪು ಬಂತು, ಆಮೇಲೆ ಕನ್ನಡಿಗೆ ಬೆಳಕು ಬಿಟ್ಟು ತಾನೇ ಲೆಕ್ಕ ಹಾಕುವ ಯಂತ್ರ ಬಂತು. ಈಗ ಆಕಾಶದಲ್ಲಿ ಡ್ರೋನ್ ಹಾರಿಸುತ್ತಾರಂತೆ. ಹಾರಿಸಲಿ, ಒಳ್ಳೆಯದೇ. ಆದರೆ ಮಳೆಗಾಲದ ಹೊಳೆ ಎಷ್ಟು ಎತ್ತರಕ್ಕೆ ಬರುತ್ತದೆ ಎನ್ನುವುದನ್ನು ಬೇಸಗೆಯಲ್ಲಿ ಹಾರುವ ಯಾವ ಯಂತ್ರವೂ ಹೇಳುವುದಿಲ್ಲ. ಅದನ್ನು ದಡದಲ್ಲಿ ಬದುಕಿದವರನ್ನೇ ಕೇಳಬೇಕು. ಹಾಗೆ ಕೇಳುವಾಗ ನಾನು ಮಾಡಿದ ಒಂದು ದೊಡ್ಡ ತಪ್ಪೇ ಈ ಬರಹದ ಮುಖ್ಯ ಸಂಗತಿ. ಇಷ್ಟು ವರ್ಷ ಲಚ್ಚಿಗೂ ಒಬ್ಬ ಸಾಹೇಬರಿಗೂ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಕೆರಾಡಿಯಿಂದ ಇನ್ನೂ ಒಳಗೆ, ಕಾಡಿನ ಅಂಚಿನಲ್ಲಿ, ಹಲಸಿನಜಡ್ಡು ಎಂದು ಹದಿನಾಲ್ಕು ಮನೆಗಳ ಒಂದು ಕೊಪ್ಪ. ಅದಕ್ಕೂ ಕೆರಾಡಿಗೂ ಮಧ್ಯೆ ಹೊಳೆ. ಊರಿನವರು ಪ್ರತಿ ವರ್ಷ ಮಳೆಗೆ ಮುಂಚೆ ನಡೆದು ದಾಟಲು ಮರದ ಸಂಕ ಕಟ್ಟುತ್ತಿದ್ದರು. ಜೋರು ನೆರೆ ಬಂದರೆ ಅದು ಹೋಯಿತು. ಆಮೇಲೆ ಶಾಲೆ, ರೇಷನ್, ಆಸ್ಪತ್ರೆ ಎಲ್ಲ ಆಚೆ ದಡದಲ್ಲಿ. ಅಲ್ಲಿ ಗಿರಿಜಕ್ಕ ಎಂಬವರಿದ್ದರು. ಸೇತುವೆಗಾಗಿ ಅರ್ಜಿ ಬರೆಸಿ ಬರೆಸಿ, ಕುಂದಾಪುರದ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಹತ್ತಿ, ಗುಮಾಸ್ತರಿಗೆಲ್ಲ ಅವರ ಗುರುತು. ಅವರ ದೊಡ್ಡ ಮಗಳು ಎಂಟನೆಯದಕ್ಕೆ ಶಾಲೆ ಬಿಟ್ಟಿದ್ದಳು. ಹೈಸ್ಕೂಲು ಹೊಳೆಯಾಚೆ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಹೋಗಲಾಗದೆ ಹಿಂದೆ ಬಿದ್ದು ಕೊನೆಗೆ ಮನೆಯಲ್ಲೇ ಉಳಿದಳು. ಎರಡನೆಯವಳು ಸುಜಾತ ಆಗ ಏಳನೆಯ ಕ್ಲಾಸಿನಲ್ಲಿದ್ದಳು. "ಇದಕ್ಕಾರೂ ಸೇತುವಿ ಆಯ್ಕ್ ಶೀನಣ್ಣ. ಅಕ್ಕನ್ ಹಾಂಗೇ ಇದೂ ಒಲಿ ಮುಂದ್ ಕೂಕಂಬುಕಾಗ" ಎಂದು ಗಿರಿಜಕ್ಕ ಹೇಳುವಾಗ ಅವರ ದನಿಯಲ್ಲಿ ಬೇಡುವುದು ಇರಲಿಲ್ಲ, ಗದರುವುದಿತ್ತು.

ಸೇತುವೆ ಎಂದರೆ ಯಾರೋ ಮಂತ್ರಿ ಹೇಳಿದರೆ ಆಗಿಬಿಡುತ್ತದೆ ಎಂದು ಜನ ತಿಳಿಯುತ್ತಾರೆ. ಹಾಗಲ್ಲ. ಮೊದಲು ಅಳತೆ, ಆಮೇಲೆ ಎಸ್ಟಿಮೇಟು. ಅದು ಮೇಜಿನಿಂದ ಮೇಜಿಗೆ ಮೇಲೆ ಹೋಗಿ, ಆ ವರ್ಷದ ಯೋಜನೆಯ ಪಟ್ಟಿಯಲ್ಲಿ ಹೆಸರು ಸೇರಬೇಕು. ಪಟ್ಟಿಗೆ ಬರುವ ಹಣ ಒಂದು ಕುಟುಂಬಕ್ಕೆ ಬೇಯಿಸಿದ ಅನ್ನದ ಹಾಗೆ: ಅರ್ಧ ಆದ ಹಳೆಯ ಕೆಲಸಗಳಿಗೆ ಮೊದಲು ಬಡಿಸಬೇಕು, ಉಳಿದದ್ದರಲ್ಲಿ ಹೊಸಬರು. ದೊಡ್ಡ ಎಸ್ಟಿಮೇಟಿನ ಒಂದು ಸೇತುವೆಯ ಬದಲು ಸಣ್ಣ ಎಸ್ಟಿಮೇಟಿನ ಮೂರು ಸೇರಿಸಿದರೆ ಮೂರು ಊರಿಗೆ ಸಮಾಧಾನ. ಹಾಗಾಗಿ ದೊಡ್ಡದು ಹಿಂದೆ ಉಳಿಯುತ್ತದೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಫೈಲು ಹೊತ್ತು ಓಡಾಡಿ ಕಣ್ಣಲ್ಲೇ ಕಂಡದ್ದು.

ಆಗ ನಮಗೆ ಬಂದ ಸಾಹೇಬರು ಪಾಟೀಲರು. ಬಿಜಾಪುರದ ಕಡೆಯ ಯುವಕ, ಬಹಳ ಸಾಧು. ಗಂಜಿ ಊಟಕ್ಕೆ ಒಗ್ಗಿಕೊಳ್ಳಲು ಒಂದು ವರ್ಷ ತೆಗೆದುಕೊಂಡರು. ಹಲಸಿನಜಡ್ಡಿನ ಅಳತೆಗೆ ಹೋಗುವ ಹಿಂದಿನ ದಿನ ನಾನೊಬ್ಬನೇ ಅಲ್ಲಿಗೆ ಹೋಗಿ, ನಾಳೆ ಸಾಹೇಬರು ಬರುತ್ತಾರೆಂದು ಸುದ್ದಿ ಮುಟ್ಟಿಸಿದೆ. ಗಿರಿಜಕ್ಕ ಕೊಟ್ಟ ಚಾ ಕುಡಿಯುತ್ತ, ಕನಿಕರದಿಂದಲೇ, ನನ್ನ ಬುದ್ಧಿವಂತಿಕೆ ತೋರಿಸಿದೆ. "ಗಿರಿಜಕ್ಕ, ನೆರೆ ಎಲ್ಲಿತನಕ ಬತ್ತ್ ಅಂದೇಳಿ ಸಾಹೇಬ್ರ್ ಕೇಂತ್ರ್. ತುಂಬ ಮೇಲ್ ತೋರ್ಸ್‌ಬೇಡಿ. ನೀರ್ ಮೇಲಾರೆ ಸೇತುವಿ ಎತ್ತರ ಆತ್ತ್, ಎತ್ತರ ಆರೆ ಎಸ್ಟಿಮೇಟ್ ದೊಡ್ಡದ್ ಆತ್ತ್. ದೊಡ್ಡದಾರೆ ಫೈಲ್ ಕೂತಲ್ಲೇ ಕೂಕಂತ್."

ಒಂದು ಗೇಣು ಕಡಿಮೆ ತೋರಿಸಿಯಾರು ಎಂದು ನನ್ನ ಎಣಿಕೆ.

ಅವರ ದನ ಕಟ್ಟುವ ಹಟ್ಟಿಯಲ್ಲಿ ಒಂದು ಮುರಕಲ್ಲಿನ ಕಂಬ ಇತ್ತು. ದೊಡ್ಡ ನೆರೆ ಬಂದ ವರ್ಷ ನೀರು ಮುಟ್ಟಿದ ಜಾಗಕ್ಕೆ ಗಿರಿಜಕ್ಕನ ಅತ್ತೆ ಕತ್ತಿಯಿಂದ ಒಂದು ಗೀರು ಹಾಕಿಡುತ್ತಿದ್ದರಂತೆ. ಇಸವಿ ಬರೆಯಲು ಆ ಅಜ್ಜಿಗೆ ಅಕ್ಷರ ಬಾರದು. ಅದಕ್ಕೆ ಆ ವರ್ಷ ಹಟ್ಟಿಯಲ್ಲಿ ಹುಟ್ಟಿದ ಕರುವಿನ ಹೆಸರನ್ನೇ ಗೀರಿಗೆ ಇಟ್ಟಿದ್ದರು. ಎಲ್ಲಕ್ಕಿಂತ ಕೆಳಗಿನದು ಬೊಳ್ಳಿ ಗೀರು, ಅದರ ಮೇಲೆ ಕೆಂಪಿ ಗೀರು, ಎಲ್ಲಕ್ಕಿಂತ ಮೇಲೆ, ಮಾಡಿನ ಹತ್ತಿರ, ಕಾಳಿ ಗೀರು. ಮನೆಮಂದಿಗೆಲ್ಲ ಬಾಯಿಪಾಠ, ಚಾ ಕುಡಿದ ದಿನ ನನಗೂ ತೋರಿಸಿದ್ದರು.

ಮರುದಿನ ಪಾಟೀಲರು ಯಂತ್ರ ಇಟ್ಟು ಕೇಳಿದರು, "ಅಕ್ಕಾರ, ನೀರು ಭಾಳ ಅಂದ್ರ ಎಲ್ಲೀತನಕ ಬಂದಿತ್ರೀ?"

ಗಿರಿಜಕ್ಕ ಕಂಬದ ಹತ್ತಿರ ಹೋಗಿ ಬೊಳ್ಳಿ ಗೀರಿಗೆ ಬೆರಳಿಟ್ಟರು. "ಇಲ್ಲಿತನಕ."

ಅದರ ಮೇಲಿನ ಎರಡು ಗೀರು ಕಾಣದ ಹಾಗೆ ಕಂಬಕ್ಕೆ ಹುಲ್ಲಿನ ಕಂತೆ ಒರಗಿಸಿ ಕಟ್ಟಿದ್ದರು. ಬೊಳ್ಳಿ ಗೀರಿಗೂ ಕಾಳಿ ಗೀರಿಗೂ ನನ್ನ ಎದೆಯೆತ್ತರದ ಅಂತರ. ಸುತ್ತ ನಿಂತ ಊರಿನವರು ನನ್ನ ಮುಖವನ್ನೇ ನೋಡುತ್ತಿದ್ದರು, ಸುಜಾತ ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. "ಶೀನಪ್ಪ, ಕೋಲು ಹಿಡೀಪಾ" ಎಂದರು ಪಾಟೀಲರು. ಹಿಡಿದೆ. ಬೊಳ್ಳಿ ಗೀರಿಗೆ ಸಮವಾಗಿ, ಎಂದಿಗಿಂತ ನೆಟ್ಟಗೆ ಹಿಡಿದೆ. ಅವರು ನೋಡಿದರು, ಬರೆದುಕೊಂಡರು.

ಎಸ್ಟಿಮೇಟು ಹಗುರವಾಯಿತು. ಹೊಸ ವರ್ಷದ ಪಟ್ಟಿಗೆ ಹಲಸಿನಜಡ್ಡಿನ ಹೆಸರು ಸೇರುವುದು ಖಂಡಿತ ಎಂದು ಗುಮಾಸ್ತರು ಹೇಳಿದರು. ಗಿರಿಜಕ್ಕ ಆಫೀಸಿಗೆ ಒಂದು ಹಲಸಿನ ಹಣ್ಣು ಹೊತ್ತು ತಂದರು. ಎಲ್ಲರೂ ತಿಂದರು. ನಾನು ಮಾತ್ರ ಫೈಲು ಇಡುವ ನೆವ ಹೇಳಿ ಒಳಗೆ ಹೋದೆ.

ಆ ಮಳೆಗಾಲ ಆಸಾಡಿ ತಿಂಗಳಲ್ಲಿ ಐದು ದಿನ ಬಿಡದೆ ಹೊಯ್ಯಿತು. ರಸ್ತೆಗೆ ಬಿದ್ದ ಮರ ತೆಗೆಸಲು ನಮ್ಮನ್ನು ಕೆರಾಡಿಗೆ ಕಳಿಸಿದರು. ಮಧ್ಯಾಹ್ನ ಕೆಲಸ ಮುಗಿಸಿ ನಾನು ಹೊಳೆಯತನಕ ನಡೆದೆ. ಸಂಕ ಆ ಬೆಳಿಗ್ಗೆಯಷ್ಟೇ ಹೋಗಿತ್ತು. ಈಚೆ ದಡದ ಕಟ್ಟೆಯ ಮೇಲೆ ಗಿರಿಜಕ್ಕ ರೇಷನ್ ಅಕ್ಕಿಯ ಚೀಲ ಮಡಿಲಲ್ಲಿಟ್ಟುಕೊಂಡು, ನೀರು ಇಳಿಯಲೆಂದು ಕೂತಿದ್ದರು. ಆಚೆ ಅವರ ಹಟ್ಟಿ ಕಾಣುತ್ತಿತ್ತು. ನೀರು ಬೊಳ್ಳಿ ಗೀರನ್ನು ನುಂಗಿ ಕೆಂಪಿ ಗೀರಿನ ಹತ್ತಿರ ಇತ್ತು.

ಸೇತುವೆಯ ತಳ ಬೊಳ್ಳಿ ಗೀರಿನಿಂದ ಎಷ್ಟು ಮೇಲೆ ಬರುತ್ತದೆಂದು ನನಗೆ ಗೊತ್ತಿತ್ತು. ಅಲ್ಲಿಗೆ ಕಣ್ಣಿಟ್ಟೆ. ಅಷ್ಟರಲ್ಲಿ ಕಾಡಿನಿಂದ ಬೇರು ಸಮೇತ ಒಂದು ಮರ ತೇಲಿ ಬಂತು, ಸರಿಯಾಗಿ ಆ ಎತ್ತರದಲ್ಲೇ. ಸೇತುವೆ ಇದ್ದಿದ್ದರೆ ಅದಕ್ಕೆ ಬಡಿದು ಅಲ್ಲೇ ನಿಲ್ಲುತ್ತಿತ್ತು. ಅದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು. ಸೇತುವೆಯೇ ಅಣೆಕಟ್ಟಾಗಿ ಹೊಳೆ ದಿಕ್ಕು ತಪ್ಪಿ ಆ ಹದಿನಾಲ್ಕು ಮನೆಗಳ ಮೇಲೆ ಹರಿಯುತ್ತಿತ್ತು.

"ಗಿರಿಜಕ್ಕ, ಇದ್ ಆಪ್ದಲ್ಲ. ನಾ ಸಾಹೇಬ್ರಿಗ್ ಹೇಳ್ತೆ" ಎಂದೆ.

ಅವರು ತಿರುಗಿ ನೋಡಿದ ನೋಟ ಮರೆಯಲಾರೆ. "ಎಂತ ಹೇಳ್ತ್ರಿ? ಹೇಳಿರೆ ಫೈಲ್ ವಾಪಾಸ್ ಬತ್ತಿಲ್ಯಾ?"

"ಬತ್ತ್."

"ಮತ್ತ್ ಎಷ್ಟ್ ವರ್ಷ?"

ನಾನು ಹೊಳೆಯ ಕಡೆ ತಿರುಗಿದೆ.

"ಸುಜಾತ ಈ ವರ್ಷ ಎಂಟ್ನೇ ಕ್ಲಾಸ್. ಮಳಿ ಹಿಡ್ದಲ್ಲಿಂದ ಆಚಿ ಮನಿಯಗೇ ಇತ್ತ್ ಹೆಣ್ಣ್. ಕೆಳಗಿನ್ ಸೇತುವಿಯೂ ಸೇತುವಿಯೇ ಅಲ್ದಾ ಶೀನಣ್ಣ? ವರ್ಷಕ್ ನಾಕ್ ದಿನ ಮುಳ್ಗಿರೆ ಮುಳ್ಗ್ಲಿ. ಕಡಿಮಿ ತೋರ್ಸಿ ಅಂದದ್ ಯಾರ್? ನೀವೇ ಅಲ್ದಾ?"

ಹೌದು, ನಾನೇ. ಮರ ಬಂದು ನಿಂತರೆ ಏನಾಗುತ್ತದೆಂದು ಹೇಳಿದೆ. ಅವರು ಕೇಳಿಸಿಕೊಂಡರು, ನಂಬಲಿಲ್ಲ. "ಹೇಳಿರೆ ನನ್ನತ್ರ ಮಾತಾಡುಕೆ ಬರ್ಬೇಡಿ" ಎಂದು ಮುಖ ತಿರುಗಿಸಿದರು.

ಆ ದಿನ ಕುಂದಾಪುರಕ್ಕೆ ಹಿಂದಿರುಗುವ ತನಕ ನನ್ನೊಳಗೆ ಇಬ್ಬರು ಜಗಳ ಆಡಿದರು. ಸುಮ್ಮನಿದ್ದರೆ ಬೇಗ ಸೇತುವೆ, ಆ ಹುಡುಗಿಗೆ ಶಾಲೆ, ನನಗೆ ಹಲಸಿನ ಹಣ್ಣು. ಹೇಳಿದರೆ ಎಲ್ಲ ಹೋಯಿತು, ನೌಕರಿಯೂ ಹೋದೀತು. ಆಫೀಸಿಗೆ ಬಂದವನೇ ಒದ್ದೆ ಬಟ್ಟೆಯಲ್ಲೇ ಪಾಟೀಲರ ಮುಂದೆ ನಿಂತು, ಚಾ ಕುಡಿದ ಹೊತ್ತಿನಿಂದ ಹುಲ್ಲಿನ ಕಂತೆಯ ತನಕ ಎಲ್ಲ ಹೇಳಿಬಿಟ್ಟೆ.

ಅವರು ಅಳತೆಯ ಪುಸ್ತಕ ತೆರೆದು ಆ ಪುಟ ಹುಡುಕಿದರು. ಆಮೇಲೆ, "ಅಲ್ಲೋ ಶೀನಪ್ಪ, ದಂಡಿ ಮ್ಯಾಲಿನ ಗಿಡದ ತುದಿಯೊಳಗ ಕಸ, ಕಡ್ಡಿ ಎಲ್ಲಾ ಸಿಕ್ಕೊಂಡಿತ್ತಲ್ಲ. ಅದು?"

"ಅದ್ ನೆರೆ ಬಂದಾಗ ಸಿಕ್ಕಂಡದ್ ಸರ್."

"ಯಪ್ಪಾ! ನಾ ಅದನ್ನ ಕಾಗಿ ಗೂಡು ಅಂತ ತಿಳಕೊಂಡಿದ್ದೆ" ಎಂದು ತಲೆಯ ಮೇಲೆ ಕೈ ಇಟ್ಟುಕೊಂಡರು. "ನಮ್ ಕಡೆ ಹಳ್ಳದ ನೀರು ಮೊಣಕಾಲು ದಾಟಿದ್ರ ಮಂದಿ ಜಾತ್ರಿಗತೆ ನೋಡಾಕ ಬರ್ತಾರ. ಗಿಡದ ತುದೀಗೆ ನೀರು ಏರತೈತಿ ಅಂತ ನನಗೇನ್ ಗೊತ್ತೋ ಮಾರಾಯಾ."

ಅಂಥ ಹೊತ್ತಲ್ಲೂ ನನಗೆ ನಗು ಬಂತು. ಅವರಿಗೂ ಬಂತು. ಮರುದಿನ ಅವರು ಮೇಲಿನ ಸಾಹೇಬರ ಕೋಣೆಗೆ ಹೋದರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಒಳಗಿನ ಬೈಗುಳ ರಸ್ತೆಗೆ ಕೇಳಿಸುವಂತಿತ್ತು: ಪಟ್ಟಿಗೆ ಸೇರುವ ಹೊತ್ತಿನಲ್ಲಿ ನೆರೆಯ ಮಟ್ಟ ತಪ್ಪು ಎಂದು ಬರೆದು ತರುವವನು ಎಂಥ ಇಂಜಿನಿಯರ್ ಎಂದು. ಪಾಟೀಲರು ಹೊರಗೆ ಬಂದಾಗ ಕಿವಿ ಕೆಂಪಾಗಿತ್ತು. "ಸರ್, ನನ್ನ್ ಹೆಸ್ರ್ ಹೇಳ್ಕಿತ್ತ್" ಎಂದೆ. "ನಿನ್ ಹೆಸರು ಯಾಕ ಹೇಳ್ಲಿ? ಯಂತ್ರದಾಗ ಕಣ್ಣಿಟ್ಟಾವ ನಾನು. ನಡಿ, ಮತ್ತೊಮ್ಮೆ ಅಳೆಯೋಣು" ಎಂದರು. ಚೈತ್ರ, ನೀನು ಇಂಥವರ ಕೈಕೆಳಗೆ ಕೆಲಸ ಮಾಡುವಂತಾಗಲಿ. ಇಲ್ಲವಾದರೆ ನೀನೇ ಇಂಥವಳಾಗು.

ಮಳೆ ನಿಂತ ಮೇಲೆ ಹುಲ್ಲಿನ ಕಂತೆ ಬಿಚ್ಚಿಸಿ ಕಾಳಿ ಗೀರಿಗೆ ಕೋಲು ಹಿಡಿದೆ. ಗಿರಿಜಕ್ಕ ಹಟ್ಟಿಗೆ ಬರಲೇ ಇಲ್ಲ. ಎಸ್ಟಿಮೇಟು ಬಹಳ ದೊಡ್ಡದಾಯಿತು. ಆ ವರ್ಷದ ಪಟ್ಟಿಯಿಂದ ಹಲಸಿನಜಡ್ಡಿನ ಹೆಸರು ಹೋಯಿತು. ಮುಂದಿನ ವರ್ಷವೂ ಬರಲಿಲ್ಲ.

ಇದನ್ನೆಲ್ಲ ಲಚ್ಚಿಗೆ ಹೇಳಿದ್ದು ಆ ಮಳೆಗಾಲದಲ್ಲೇ, ಫೈಲು ವಾಪಾಸ್ ಬಂದ ವಾರ. ಅವಳು ಮೀನು ಕೊಯ್ಯುತ್ತಿದ್ದವಳು ಕತ್ತಿ ನಿಲ್ಲಿಸಿದಳು. "ಹ್ವಾಯ್, ಫೈಲ್ ವಾಪಾಸ್ ತರ್ಸಿದ್ ನೀವ್. ಆ ಹೆಣ್ಣ್ ಶಾಲಿಗೆ ಹೋಪುಕೆ ದಾರಿಯೂ ನೀವೇ ಕಾಣ್ಕ್. ನಮ್ಮನಿಗ್ ಕರ್ಕಂಡ್ ಬನ್ನಿ. ಮಳಿಗಾಲ ಇಲ್ಲಿರ್ಲಿ." ನನಗೆ ಕೇಳಲು ಮುಖ ಇರಲಿಲ್ಲ. ಅವಳೇ ಎರಡು ಬಸ್ಸು ಹತ್ತಿ ಹೋಗಿ ಗಿರಿಜಕ್ಕನೊಡನೆ ಮಾತಾಡಿ, ಹೆಡ್‌ಮಾಸ್ಟರರನ್ನೂ ಒಪ್ಪಿಸಿ ಬಂದಳು. ಸುಜಾತ ನಮ್ಮ ಮನೆಯಲ್ಲಿದ್ದು ಕೋಟದ ಶಾಲೆಗೆ ಹೋದಳು. ಆ ವರ್ಷದ ಉಳಿದ ಮಳೆ, ಆಮೇಲೆ ಇನ್ನೆರಡು ಮಳೆಗಾಲ. ಚೈತ್ರ ಆಗ ಎರಡನೆಯ ಕ್ಲಾಸು. ಇಬ್ಬರೂ ಒಂದೇ ದೀಪದ ಕೆಳಗೆ ಮಗ್ಗಿ ಹೇಳುತ್ತಿದ್ದರು, ಚೈತ್ರ ತಪ್ಪಿದರೆ ಸುಜಾತ ತಲೆಗೆ ಮೊಟಕುತ್ತಿದ್ದಳು. ಗಿರಿಜಕ್ಕ ಮಗಳನ್ನು ನೋಡಲು ಬರುತ್ತಿದ್ದರು. ಹಿಂದಿನ ಬಾಗಿಲಿನಿಂದ ಬಂದು ಲಚ್ಚಿಯೊಡನೆ ಗಂಟೆಗಟ್ಟಲೆ ಮಾತಾಡಿ ಹಿಂದಿನ ಬಾಗಿಲಿನಿಂದಲೇ ಹೋಗುತ್ತಿದ್ದರು. ಚಾವಡಿಯಲ್ಲಿ ಕೂತ ನಾನು ಅವರ ಪಾಲಿಗೆ ಒಂದು ಕಂಬ. ಒಂದು ಸಲ ನಾನೇ "ಗಿರಿಜಕ್ಕ, ಹ್ಯಾಂಗಿದ್ರಿ?" ಎಂದೆ. ಅವರು ಲಚ್ಚಿಗೆ, "ಕೇಂಡವ್ರಿಗ್ ಹೇಳಿ, ಹೊಳಿ ಬದಿಯಗ್ ಇದ್ದಿ ಅಂದೇಳಿ" ಎಂದರು.

ನಾನು ನಿವೃತ್ತನಾದೆ. ಪಾಟೀಲರಿಗೆ ವರ್ಗವಾಯಿತು. ಹೋಗುವ ಮುಂಚೆ ಅವರು ಆ ಫೈಲನ್ನು ಹಳ್ಳಿ ಸೇತುವೆಗಳಿಗೆಂದೇ ಬ್ಯಾಂಕ್ ಸಾಲದ ಹಣ ಬರುವ ಬೇರೊಂದು ಯೋಜನೆಗೆ ಸೇರಿಸಲು ಬರೆದಿಟ್ಟು ಹೋಗಿದ್ದರು. ಅದು ನಿಧಾನಕ್ಕೆ ನಡೆದು, ಒಂದು ದಿನ ಟೆಂಡರ್ ಆಗಿ, ಎರಡು ಬೇಸಗೆಯಲ್ಲಿ ಸೇತುವೆ ಎದ್ದು ನಿಂತಿತು. ಅಷ್ಟರಲ್ಲಿ ಸುಜಾತ ಹತ್ತನೆಯದು ಮುಗಿಸಿ ಬ್ರಹ್ಮಾವರದಲ್ಲಿ ಮುಂದಕ್ಕೆ ಓದುತ್ತಿದ್ದಳು. ಉದ್ಘಾಟನೆಗೆ ನಾನು ಹೋಗಲಿಲ್ಲ. ಯಾರೂ ಕರೆಯಲಿಲ್ಲ, ಕರೆದಿದ್ದರೂ ಧೈರ್ಯ ಇರಲಿಲ್ಲ.

ಹೋದದ್ದು ಆ ವರ್ಷದ ಆಸಾಡಿಯಲ್ಲಿ. ನಾಲ್ಕು ದಿನ ಮಳೆ ಬಿಟ್ಟಿರಲಿಲ್ಲ. ಬೆಳಿಗ್ಗೆ ಗಂಜಿ ಉಂಡು ಎದ್ದವನೇ "ನಾ ಹೊಳಿ ಕಂಡ್ಕಂಡ್ ಬತ್ತೆ" ಎಂದೆ. ಲಚ್ಚಿ "ಒಬ್ರೇ ಹೋಪ್ದ್ ಬ್ಯಾಡ" ಎಂದು ತಾನೂ ಹೊರಟಳು. ಹಲಸಿನಜಡ್ಡಿನವರೆಲ್ಲ ಕೊಡೆ ಹಿಡಿದು ಸೇತುವೆಯ ಮೇಲೆ ಸಾಲಾಗಿ ನಿಂತು ಕೆಳಗೆ ನೋಡುತ್ತಿದ್ದರು. ಗಿರಿಜಕ್ಕನೂ ಇದ್ದರು. ಹೊಳೆ ಕಾಳಿ ಗೀರಿನ ಹತ್ತಿರ ಬಂದಿತ್ತು. ನಾನು ಅವರಿಂದ ನಾಲ್ಕು ಮಾರು ದೂರ, ಸೇತುವೆಯ ಬದಿಯ ಕಟ್ಟೆಗೆ ಕೈ ಊರಿ ನಿಂತೆ.

"ಬಂತ್, ಬಂತ್!" ಎಂದು ಯಾರೋ ಕೂಗಿದರು. ತಿರುವಿನಲ್ಲಿ ಒಂದು ದೊಡ್ಡ ಮರ, ಬೇರು ಮೇಲೆ ಮಾಡಿಕೊಂಡು, ತಿರುಗುತ್ತ ಬರುತ್ತಿತ್ತು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ನನಗೆ ಸರಿಯಲಾಗಲಿಲ್ಲ. ಬಂತು. ನಮ್ಮ ಕಾಲ ಕೆಳಗೆ ಹೋಯಿತು. ಎಲ್ಲೂ ತಾಗಲಿಲ್ಲ. ಎಲ್ಲರೂ ಆಚೆ ಬದಿಗೆ ಓಡಿ ನೋಡಿದರು. ಮರ ಅದರ ಪಾಡಿಗೆ ಸಮುದ್ರದ ದಾರಿ ಹಿಡಿದಿತ್ತು. ಅದರ ಹಿಂದೆ ಇನ್ನೊಂದು ಬಂತು, ಅದೂ ಹೋಯಿತು.

ನಾನು ಕೊಡೆ ಹಿಡಿದದ್ದೇ ಮರೆತುಹೋಗಿ, ಅದು ಹೆಗಲ ಮೇಲೆ ವಾಲಿ, ಮೈಯೆಲ್ಲ ಒದ್ದೆಯಾಗಿ ತಲೆಯಿಂದ ನೀರು ಇಳಿಯುತ್ತಿತ್ತು. ಪಕ್ಕದಲ್ಲಿ ಯಾರೋ ಬಂದು ನಿಂತ ಹಾಗಾಯಿತು. ಗಿರಿಜಕ್ಕ. ನನ್ನ ಕಡೆ ನೋಡಲಿಲ್ಲ, ನೀರನ್ನೇ ನೋಡುತ್ತಿದ್ದರು.

"ಕೊಡಿ ಸಮ ಹಿಡ್ಕಣಿ ಶೀನಣ್ಣ, ಪೂರಾ ಚಂಡಿ ಆಯ್ರಿ" ಎಂದರು.

ಆರು ಮಳೆಗಾಲದಲ್ಲಿ ಅವರು ನನಗೆಂದು ಆಡಿದ ಮೊದಲ ಮಾತು ಅದು. ನಾನು ಕೊಡೆ ಸರಿಯಾಗಿ ಹಿಡಿದೆ.